ಲೌಡ್ಲಿ ಎಂದರೆ ಗಟ್ಟಿಯಾಗಿ

ಹರಪನಹಳ್ಳಿಯಿಂದ ಹಡಗಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಊರು ದಾಟುವುದರೊಳಗೆ ನಿದ್ದೆಗೆ ಜಾರುವ ಆಸಾಮಿ ನಾನು. ತರಗತಿಯಲ್ಲಿ ನಾನು ಮಕ್ಕಳಿಗೆ ನಿದ್ದೆ ಬರಿಸುತ್ತೇನೆ, ಬಸ್ಸು ನನಗೆ ಬರಿಸುತ್ತದೆ. ಆದರೆ ಮೊನ್ನೆ ಶನಿವಾರ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಮುಂದಿನ ಸೀಟಿನಲ್ಲಿ ಹೈಸ್ಕೂಲಿನ ಇಬ್ಬರು ಹುಡುಗಿಯರು ಕೂತಿದ್ದರು. ಜಡೆ ತುಂಬ ಮಲ್ಲಿಗೆ, ಇಬ್ಬರ ತೊಡೆಯ ಮೇಲೆ ಒಂದೇ ಪುಸ್ತಕ. ಒಬ್ಬಳು ಇಂಗ್ಲಿಷ್ ಪದ ಹೇಳಬೇಕು, ಇನ್ನೊಬ್ಬಳು ಅರ್ಥ ಹೇಳಬೇಕು.

“ಸಾಫ್ಟ್ಲಿ?”

“ಮೆತ್ತಗ.”

“ಮೆತ್ತಗ ಅಂತ ಬರದ್ರ ಮಿಸ್ಸು ಮಾರ್ಕ್ಸ್ ಕೊಡಂಗಿಲ್ಲಲೇ. ಮೃದುವಾಗಿ ಅನ್ನು.”

“ಎರಡೂ ಒಂದ ಅಲ್ಲೇನು?”

ಕಿಟಕಿಯ ಗಾಳಿ ಆ ಮಲ್ಲಿಗೆಯ ವಾಸನೆಯನ್ನೂ ಆ ‘ಸಾಫ್ಟ್ಲಿ’ಯನ್ನೂ ಕೂಡಿಸಿ ನನ್ನ ಮುಖಕ್ಕೆ ತಂದು ಹಾಕಿತು. ಹಡಗಲಿ ಮಲ್ಲಿಗೆಗೂ ಇಂಗ್ಲಿಷಿನ ಕ್ರಿಯಾವಿಶೇಷಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಲೋಕದಲ್ಲಿ ಬೇರೆ ಎಲ್ಲೂ ಇಲ್ಲ, ನಮ್ಮ ಮನೆಯಲ್ಲಿ ಮಾತ್ರ ಇತ್ತು. ಹೇಳಲು ಹಡಗಲಿ ಬರುವಷ್ಟು ದಾರಿ ಬೇಕು. ದಾರಿ ಹೇಗೂ ಇದೆ, ಕೇಳಿ.

ನಾನು ಹೊರಟಿದ್ದು ಅಣ್ಣನ ಮನೆಗೆ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಅಲ್ಲಿಯ ನಮ್ಮ ಕೇರಿಯ ಅಂಗನವಾಡಿ ಟೀಚರು. ಈ ತಿಂಗಳಿಗೆ ಅವಳ ಕೆಲಸ ಮುಗಿಯುತ್ತದೆ. ಆ ನೆಪದಲ್ಲಿ ಹೋಳಿಗೆ ಮಾಡುತ್ತೇನೆ ಬಾ ಎಂದು ಫೋನು ಮಾಡಿದ್ದಳು. ಆ ಕೆಲಸ ಅವಳಿಗೆ ಸಿಗುವಂತೆ ಮಾಡಿದವನು ನಾನೇ ಎಂದು ಮೂವತ್ತು ವರ್ಷದಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಮಗೂ ಹೇಳುತ್ತೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಆಗ ನಾನು ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ಅದನ್ನು ಅವ್ವ ಬೇರೆ ಥರ ಹೇಳುತ್ತಿದ್ದಳು: “ನಮ್ಮ ಸಣ್ಣಾವ ಉಣ್ಣೋ ಕೆಲಸ ಮಾಡಾಕತ್ಯಾನ.” ಇಂಗ್ಲಿಷನ್ನು ಐಚ್ಛಿಕ ತೆಗೆದುಕೊಂಡು ಪಾಸಾದವನು ನಮ್ಮ ಕೇರಿಗೆ ನಾನೇ ಮೊದಲಿಗ. ಯಾರಾದರೂ ಔಷಧಿಯ ಡಬ್ಬಿ ತಂದು “ಇದರಾಗ ಏನ್ ಬರದೈತಿ ನೋಡಪ್ಪ” ಎಂದರೆ ಹುಬ್ಬು ಗಂಟಿಕ್ಕಿ ಓದಿ, ಏನೂ ಅರ್ಥವಾಗದಿದ್ದರೂ “ಊಟ ಆದ ಮ್ಯಾಲ ತಗೋರಿ” ಅನ್ನುತ್ತಿದ್ದೆ. ಒಂದು ಸಲ ಅದು ಎತ್ತಿನ ಹೆಗಲಿಗೆ ಹಚ್ಚುವ ಮುಲಾಮು ಆಗಿತ್ತು. ಅದೃಷ್ಟಕ್ಕೆ ಆ ಮನುಷ್ಯನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ.

ಊರ ಹೊರಗೆ ನಮ್ಮದು ಅರ್ಧ ಎಕರೆ ಮಲ್ಲಿಗೆ ತೋಟ. ಬಿಸಿಲೇರುವ ಮೊದಲೇ ಅವ್ವ, ಅತ್ತಿಗೆ ಮೊಗ್ಗು ಬಿಡಿಸಿಬಿಡಬೇಕು. ಬಿಡಿ ಮೊಗ್ಗನ್ನು ಅಣ್ಣ ಸೈಕಲ್ಲಿನ ಮೇಲೆ ಒಯ್ದು ಮೊದಲ ಬಸ್ಸಿಗೆ ಹಾಕುತ್ತಿದ್ದ. ಉಳಿದದ್ದನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮಾಲೆ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಕೊಡಬೇಕು. ಅಕ್ಕಪಕ್ಕದ ನಾಲ್ಕೈದು ಹೆಂಗಸರೂ ಬಂದು ಕೂಡುತ್ತಿದ್ದರು. ನೆನೆಸಿದ ಬಾಳೆನಾರು, ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ಸುತ್ತಿ ಎಳೆದರೆ ಒಂದು ಗಂಟು. ಈ ಹೆಂಗಸರು ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಅವರ ಹೊತ್ತೆಲ್ಲ ಹೂವಿನ ಅಳತೆಯಲ್ಲೇ ನಡೆಯುತ್ತಿತ್ತು. “ಎರಡು ಮೊಳ ಕಟ್ಟೋದ್ರಾಗ ಬರ್ತೀನಿ” ಎಂದು ಹೇಳಿ ಹೋದವಳು ಸರಿಯಾಗಿ ಎರಡು ಮೊಳ ಆಗುವಾಗಲೇ ಬಂದು ಕೂಡುತ್ತಿದ್ದಳು. ನಮ್ಮ ಕೇರಿಯಲ್ಲಿ ಅನ್ನ ಬೇಯಲು ಒಂದು ಮಾರು ಹೂವಿನಷ್ಟು ಹೊತ್ತು ಹಿಡಿಯುತ್ತಿತ್ತು.

ಅತ್ತಿಗೆ ಕೂಡ್ಲಿಗಿ ಕಡೆಯ ಕುರಿ ಸಾಕುವವರ ಮನೆಯ ಮಗಳು. ಕೊಟ್ಟೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿವರೆಗೆ ಓದಿದ್ದಳು. ಎಲ್ಲ ಪಾಸು, ಇಂಗ್ಲಿಷ್ ಒಂದು ಉಳಿದಿತ್ತು. ಮದುವೆಗೆ ಮುಂಚೆ ಇನ್ನೊಂದು ಸಲ ಕಟ್ಟಿ, ಮತ್ತೆ ಉಳಿಸಿಕೊಂಡು, ಆಮೇಲೆ ನಮ್ಮ ಮನೆಗೆ ಬಂದು ಹತ್ತು ವರ್ಷ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಆ ವರ್ಷ ನಮ್ಮ ಕೇರಿಗೆ ಅಂಗನವಾಡಿ ಮಂಜೂರಾಯಿತು. ಟೀಚರು ಕೇರಿಯ ಸೊಸೆಯೇ ಆಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಬೇಸಿಗೆಯ ಫಲಿತಾಂಶ ಬಂದ ಮೇಲೂ ಅರ್ಜಿ ಹಾಕಬಹುದು ಎಂಬ ಸುದ್ದಿ ತಿಳಿದ ದಿನ ಅತ್ತಿಗೆ ನನ್ನ ಊಟದ ತಟ್ಟೆಗೆ ಕೇಳದೆಯೇ ಎರಡನೇ ಸಲ ತುಪ್ಪ ಹಾಕಿದಳು.

“ತಮ್ಮಾ, ಒಂದ್ ಮಾತು ಕೇಳ್ತೀನಿ, ನಗಬ್ಯಾಡ. ಇಂಗ್ಲಿಷ್ ಒಂದು ಉಳದೈತಿ. ಕಲಿಸ್ತಿ ಏನು?”

“ಅದೇನ್ ಮಹಾ ಅತ್ತಿಗಿ! ಎರಡು ತಿಂಗಳಾಗ ನಿನ್ನ ಬಾಯಾಗ ಇಂಗ್ಲಿಷ್ ನೀರು ಹರಿದಂಗ ಹರೀಬೇಕು, ನೋಡ್ತಿರು” ಎಂದೆ. ತುಪ್ಪ ಮಾತಾಡಿಸುತ್ತಿತ್ತು.

ಅವ್ವ ಒಳಗಿನಿಂದಲೇ ಕೇಳಿಸಿಕೊಂಡಳು. “ಓದಲಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಈಗ ಹೂವಿನ ದಿವಸ. ಪುಸ್ತಕ ಹಿಡಕೊಂಡು ಕುಂತ್ರ ಹೂವು ಯಾರು ಕಟ್ಟಬೇಕು? ಕೈ ಎರಡ ಅದಾವು. ಮತ್ತ ಇದೊಂದ ಸಲ ನೋಡು, ಈ ಸಲ ಆಗಲಿಲ್ಲಂದ್ರ ಆ ಪುಸ್ತಕ ಗಂಟು ಕಟ್ಟಿ ಅಟ್ಟದ ಮ್ಯಾಲ ಇಟ್ಟುಬಿಡಬೇಕು.”

ಅತ್ತಿಗೆ ತಲೆ ತಗ್ಗಿಸಿ “ಹೂಂ ರಿ ಅತ್ತಿ” ಎಂದಳು. ಅವಳ ಮುಖ ನೋಡಿ ನನಗೆ ಗೊತ್ತಾಯಿತು, ಈ ಅಂಗನವಾಡಿ ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಹತ್ತು ವರ್ಷದ ಹಿಂದೆ ಅರ್ಧಕ್ಕೆ ನಿಲ್ಲಿಸಿ ಬಂದ ಹುಡುಗಿಯನ್ನು ಇನ್ನೊಂದು ಸಲ ಮಾತಾಡಿಸಿಕೊಂಡು ಬರುವ ದಾರಿಯಾಗಿತ್ತು.

ಕೈಯಲ್ಲಿ ಪುಸ್ತಕ ಹಿಡಿಯುವಂತಿಲ್ಲ ಎಂದ ಮೇಲೆ ಬಾಯಲ್ಲೇ ಕಲಿಸಬೇಕು. ಬಾಯಲ್ಲಿ ನಿಲ್ಲಬೇಕೆಂದರೆ ಪ್ರಾಸ ಬೇಕು. ಈ ಹಂತದಲ್ಲಿ ನನಗೊಂದು ಮಹಾ ಸಂಶೋಧನೆ ಹೊಳೆಯಿತು. ಇಂಗ್ಲಿಷಿನಲ್ಲಿ ಯಾವ ಪದದ ಬಾಲಕ್ಕೆ ‘ಲಿ’ ಅಂಟಿಸಿದರೂ ಪ್ರಾಸ ತಾನಾಗಿ ಬರುತ್ತದೆ! ಕೆಲಸವನ್ನು ಹೇಗೆ ಮಾಡಿದರು ಎಂದು ಹೇಳುವ ಪದಗಳೇ ಭಾಷೆಯ ಜೀವ, ಅವು ಬಂದರೆ ಉಳಿದದ್ದು ಹಿಂದಿನಿಂದ ಬರುತ್ತದೆ ಎಂಬ ಸಿದ್ಧಾಂತವನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದೆ. ನಿಜ ಹೇಳಬೇಕೆಂದರೆ ನನಗೆ ಚೆನ್ನಾಗಿ ಬರುತ್ತಿದ್ದ ಇಂಗ್ಲಿಷೂ ಅಷ್ಟೇ.

ಮರುದಿನದಿಂದ ಕಟ್ಟೆಯ ಮೇಲೆ ಪಾಠ ಶುರುವಾಯಿತು. ನಾನು ಗೋಡೆಗೆ ಒರಗಿ ಹೇಳುವುದು, ಅತ್ತಿಗೆ ಹೂ ಕಟ್ಟುತ್ತ ಒಪ್ಪಿಸುವುದು.

“ಲೌಡ್ಲಿ ಅಂದ್ರ ಗಟ್ಟಿಯಾಗಿ, ಪ್ರೌಡ್ಲಿ ಅಂದ್ರ ಹೆಮ್ಮೆಯಿಂದ. ನೀಟ್ಲಿ ಅಂದ್ರ ಅಚ್ಚುಕಟ್ಟಾಗಿ, ಸ್ವೀಟ್ಲಿ ಅಂದ್ರ ಸಿಹಿಯಾಗಿ. ಟೈಟ್ಲಿ ಅಂದ್ರ ಬಿಗಿಯಾಗಿ, ಲೈಟ್ಲಿ ಅಂದ್ರ ಹಗುರಾಗಿ. ರೇರ್ಲಿ ಅಂದ್ರ ಅಪರೂಪಕ್ಕ, ಫೇರ್ಲಿ ಅಂದ್ರ ನ್ಯಾಯವಾಗಿ…”

ಮೂರನೇ ದಿನಕ್ಕೆ ಅತ್ತಿಗೆ ಇದಕ್ಕೊಂದು ನಡೆ ಕೂಡಿಸಿಬಿಟ್ಟಳು. ಇಂಗ್ಲಿಷ್ ಪದಕ್ಕೆ ಎರಡು ಮೊಗ್ಗು ಈ ಕಡೆ, ಕನ್ನಡದ ಅರ್ಥಕ್ಕೆ ಎರಡು ಮೊಗ್ಗು ಆ ಕಡೆ, ಮುಗಿಯುತ್ತಲೇ ಗಂಟು. ಒಂದು ಪದಕ್ಕೆ ಒಂದು ಗಂಟು. ಒಂದು ಮೊಳ ಹೂವು ಮುಗಿಯುವಾಗ ಪಟ್ಟಿಯ ಒಂದು ಪುಟ ಮುಗಿಯುತ್ತಿತ್ತು. ಗಂಟು ಸಡಿಲವಾದರೆ ಪದ ಮರೆತಿದೆ ಎಂದು ದೂರದಿಂದಲೇ ಹೇಳಬಹುದಿತ್ತು.

ಉಳಿದ ಹೆಂಗಸರು ಸುಮ್ಮನಿರುತ್ತಾರೆಯೇ? ವಾರ ಕಳೆಯುವುದರೊಳಗೆ ಇಡೀ ಕಟ್ಟೆ ಒಪ್ಪಿಸತೊಡಗಿತು. ಎದುರು ಮನೆಯಾಕೆ ಗಂಡನನ್ನು ಊಟಕ್ಕೆ ಕರೆಯುವಾಗ “ಕ್ವಿಕ್ಲಿ ಬರ್ರಿ, ಇಲ್ಲಾಂದ್ರ ರೇರ್ಲಿ ಸಿಗತೈತಿ” ಎಂದು ಕೂಗಿದಳು. ಆತ ಹೆದರಿ ಓಡಿ ಬಂದ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅವ್ವ ಕೂಡ ಒಂದು ದಿನ ನನ್ನ ಪಾಠದ ನಡುವೆ ಬಾಗಿಲಿಗೆ ಬಂದು, “ಏ, ಅಷ್ಟ ಲೌಡ್ಲಿ ಒದರಬ್ಯಾಡೋ, ಎದುರು ಮನಿ ಕೂಸು ಒಳಗ ಮಲಗೈತಿ” ಎಂದಳು. ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಹೊಳೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅವ್ವ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನಂತೂ ನೆಲದ ಮೇಲೆ ಇರಲಿಲ್ಲ. ಅತ್ತಿಗೆ ಒಂದೆರಡು ಸಲ ಮೆಲ್ಲಗೆ ಕೇಳಿದ್ದಳು: “ತಮ್ಮಾ, ಪತ್ರ ಬರಿಯೋದು, ಪ್ರಬಂಧ ಬರಿಯೋದು ಅಂತ ಬರ್ತಾವಲ್ಲ, ಅವು?” “ಬರ್ತಾವ ತಡಿ ಅತ್ತಿಗಿ, ಬುನಾದಿ ಗಟ್ಟಿಯಾಗಲಿ” ಎಂದು ನಾನು ಹೊಸ ಪುಟ ತಿರುಗಿಸುತ್ತಿದ್ದೆ. ಎರಡು ತಿಂಗಳು ಬುನಾದಿಯನ್ನೇ ಹಾಕಿದೆ. ಗೋಡೆ ಏಳಲಿಲ್ಲ.

ಪರೀಕ್ಷೆ ಕೊಟ್ಟೂರಿನಲ್ಲಿ. ಅವ್ವ ತನ್ನ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆಯನ್ನು ತಾನಾಗಿಯೇ ತೆಗೆದು ಸೊಸೆಗೆ ಉಡಲು ಕೊಟ್ಟಳು. ಅದು ಅವ್ವ ಮದುವೆ ಮನೆಗಳಿಗೆ ಮಾತ್ರ ಉಡುತ್ತಿದ್ದ ಸೀರೆ. ಬಸ್ಸಿನಲ್ಲಿ ಅತ್ತಿಗೆಯ ಬೆರಳುಗಳು ಸುಮ್ಮನೆ ತೊಡೆಯ ಮೇಲೆ ಆಡುತ್ತಲೇ ಇದ್ದವು, ಈ ಕಡೆ ಎರಡು, ಆ ಕಡೆ ಎರಡು.

ನಾನು ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಪರೀಕ್ಷೆ ಬರೆಯುವವರ ಗಂಡಂದಿರು, ಅಣ್ಣಂದಿರು ಅಲ್ಲೇ ಕೂತಿದ್ದರು. ಅರ್ಧ ಹೊತ್ತಾಗಿರಬೇಕು, ಒಂದು ಜೀಪು ಬಂದು ನಿಂತಿತು. ಕಾಪಿ ಹಿಡಿಯುವ ಸ್ಕ್ವಾಡಿನವರು. ನಮ್ಮ ಸುತ್ತಲಿನ ಮಾತು ತಟ್ಟನೆ ನಿಂತುಹೋಯಿತು. ಸ್ವಲ್ಪ ಹೊತ್ತಿನಲ್ಲಿ ಆ ನಿಶ್ಶಬ್ದ ಕೋಣೆಯ ಕಿಟಕಿಯಿಂದ ಒಂದು ಹೆಣ್ಣು ದನಿ ಸ್ಪಷ್ಟವಾಗಿ ಕೇಳಿಸಿತು:

“ಲೌಡ್ಲಿ ಅಂದ್ರ ಗಟ್ಟಿಯಾಗಿ, ಪ್ರೌಡ್ಲಿ ಅಂದ್ರ ಹೆಮ್ಮೆಯಿಂದ…”

ಪಕ್ಕದಲ್ಲಿದ್ದ ಮುದುಕ ಕಿವಿ ಚುರುಕು ಮಾಡಿ, “ಯಾರಪಾ ಒಳಗ ಭಜನಿ ಹಚ್ಯಾರ?” ಎಂದ. ಅತ್ತಿಗೆಗೆ ಹೆದರಿಕೆಯಿಂದ ತಲೆ ಕೆಟ್ಟಿತು ಎಂದುಕೊಂಡೆ. ಅಣ್ಣನಿಗೆ ಏನು ಹೇಳಲಿ, ಅವ್ವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ದನಿ ‘ಫೇರ್ಲಿ ಅಂದ್ರ ನ್ಯಾಯವಾಗಿ’ವರೆಗೆ ಬಂದು ನಿಂತಿತು. ಜೀಪು ಹೋಯಿತು. ಬೆಲ್ಲು ಹೊಡೆಯುವವರೆಗಿನ ಆ ಹೊತ್ತು ಎಷ್ಟು ಮೊಳ ಉದ್ದವಿತ್ತೋ ದೇವರಿಗೇ ಗೊತ್ತು.

ಆದದ್ದನ್ನು ಅತ್ತಿಗೆ ಹೇಳಿದ್ದು ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ. ಪ್ರಶ್ನೆಪತ್ರಿಕೆ ನೋಡಿದಾಗ ಅವಳಿಗೆ ಒಂದು ಪದವೂ ನೆನಪಿಗೆ ಬರಲಿಲ್ಲವಂತೆ. ಬಾಯಿ ಆಡಿಸಿದರೂ ಬರಲಿಲ್ಲ. ಆಮೇಲೆ ಗೊತ್ತಾಗಿದ್ದು, ಕೈ ಖಾಲಿ ಇದೆ. ಹೂವಿಲ್ಲ, ನಾರಿಲ್ಲ. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಮೇಜಿನ ಕೆಳಗೆ ಗಂಟು ಹಾಕತೊಡಗಿದಳು. ಪದಗಳು ಒಂದೊಂದೇ ಬಂದವು. ಅದೂ ಮೊದಲಿನಿಂದಲೇ ಬರಬೇಕು. ಎಂಟನೇ ಪದ ಬೇಕೆಂದರೆ ಏಳು ಗಂಟು ಹಾಕಿಯೇ ಅಲ್ಲಿಗೆ ಹೋಗಬೇಕು. ಹಾಗೆ ಕಲಿಸಿದ ಪುಣ್ಯಾತ್ಮ ನಾನು. ಸ್ಕ್ವಾಡಿನ ಸಾಹೇಬರು ಬಂದಾಗ ಅವಳ ತೊಡೆಯ ಮೇಲೆ ಮೊಳದುದ್ದದ ದಾರ, ತುಂಬ ಗಂಟು.

“ಎದ್ದು ನಿಲ್ಲಮ್ಮ. ಏನಿದು? ಒಂದೊಂದ್ ಗಂಟಿಗೆ ಒಂದೊಂದ್ ಉತ್ತರನಾ?”

“ಅಲ್ರಿ ಸಾಹೇಬ್ರ. ಹೂ ಕಟ್ಟೋ ಕೈ ರಿ ಇದು. ಕೈ ಆಡದಿದ್ರ ಬಾಯಾಗ ಇಂಗ್ಲಿಷ್ ಬರಂಗಿಲ್ರಿ.”

“ನನ್ನ ಸರ್ವೀಸ್‌ನಲ್ಲಿ ಚೀಟಿ ನೋಡಿದೀನಿ, ಅಂಗೈ ಮೇಲೆ ಬರೆದದ್ದು ನೋಡಿದೀನಿ. ಗಂಟು ನೋಡಿಲ್ಲ. ಹೆಸರು ಬರ್ಕೊಳ್ಲಾ?”

ಹೆಸರು ಬರೆದುಕೊಂಡರೆ ಪರೀಕ್ಷೆ ಹೋಯಿತು, ಅಂಗನವಾಡಿ ಹೋಯಿತು, ಪುಸ್ತಕ ಅಟ್ಟಕ್ಕೆ ಹೋಯಿತು. “ಆಗ ನನಗ ಏನಾತೋ ಏನೋ ತಮ್ಮಾ, ಸೆರಗಿಂದ ಇನ್ನೊಂದು ಎಳಿ ಕಿತ್ತಿದೆ. ಅವ್ರ ಮುಂದ ನಿಂತು ಗಂಟು ಹಾಕ್ಕೋತ ಹೇಳಾಕ ಶುರು ಮಾಡಿಬಿಟ್ಟೆ” ಎಂದಳು ಅತ್ತಿಗೆ. ಎಂಟು ಪದದವರೆಗೂ ಸಾಹೇಬರು ಮಿಸುಕದೆ ಕೇಳಿದರಂತೆ. ಆಮೇಲೆ ಗಂಟಿನ ದಾರವನ್ನು ಮಾತ್ರ ತಮ್ಮ ಜೇಬಿಗೆ ಹಾಕಿಕೊಂಡು, “ಸಾಕು ಕೂತ್ಕೊ ತಾಯಿ, ಉಳಿದವರು ಕಾಪಿ ಹೊಡೆದಾರು” ಎಂದು ಹೊರಟುಹೋದರಂತೆ. ಅವರು ಹೋದ ಮೇಲೆ ಅತ್ತಿಗೆ ಮೂರನೆಯ ಎಳೆ ಕಿತ್ತಳು.

ಮನೆಗೆ ಬಂದಾಗ ಅವ್ವ ಮೊದಲು ನೋಡಿದ್ದು ಸೀರೆಯನ್ನು. ಗೇಣುದ್ದ ಅಂಚು ಜಾಳುಜಾಳಾಗಿತ್ತು. ಅತ್ತಿಗೆ ಹೆದರಿ ಹೆದರಿ ಎಲ್ಲ ಹೇಳಿದಳು. ಅವ್ವ ಆ ಅಂಚನ್ನು ಬೆರಳಲ್ಲಿ ಹಿಡಿದು ಅಳೆದು ನೋಡಿದಳು. “ಇನ್ನೂ ಹತ್ತು ಮೊಳ ಸೀರಿ ಇತ್ತಲ್ಲವಾ, ಕಿತ್ತು ಎಲ್ಲಾ ಉತ್ತರ ಬರದು ಬರಬೇಕಿಲ್ಲ?” ಎಂದಳು. ಅತ್ತಿಗೆ ಅಳುತ್ತಲೇ ನಕ್ಕಳು.

ಪಾಸಾದಳು. ಮೂವತ್ತೆಂಟು ಬಂದಿತ್ತು. ಅಂಗನವಾಡಿ ಕೆಲಸವೂ ಸಿಕ್ಕಿತು. ಕಟ್ಟೆಯ ಮೇಲಿನ ಹೆಂಗಸರೆಲ್ಲ ಸೇರಿ ನನ್ನ ಕೊರಳಿಗೆ ಒಂದು ಮಾರು ಮಲ್ಲಿಗೆ ಹಾಕಿದರು. ಮದುಮಗನ ಹಾಗೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಚಹಾ ಕುಡಿದು ಬಂದೆ, ಕೆಲಸವೇನೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸುವುದು ನನ್ನ ರೂಢಿ. ಪ್ರತಿ ವರ್ಷ ಹೊಸ ತರಗತಿಗೆ ಈ ಕಥೆ ಹೇಳಿ, ನನ್ನ ವಿಧಾನದ ಮಹಿಮೆಯನ್ನು ಸಾರಿ, ಮಕ್ಕಳು ಕಣ್ಣರಳಿಸುವುದನ್ನು ನೋಡುತ್ತೇನೆ. ಆದರೆ ಒಂದು ಮುಳ್ಳು ಒಳಗೆ ಇತ್ತು. ನಾನೇ ಮೇಷ್ಟರಾಗಿ ಪ್ರಶ್ನೆಪತ್ರಿಕೆಗಳನ್ನು ಕಣ್ಣಾರೆ ನೋಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಈ ‘ಲಿ’ ಪದಗಳಿಗೆ ಸಿಗುವುದು ಹೆಚ್ಚೆಂದರೆ ಮೂರೋ ನಾಲ್ಕೋ ಮಾರ್ಕು. ಹಾಗಿದ್ದರೆ ಉಳಿದದ್ದು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಜಾಣತನದಿಂದ ಮೂವತ್ತು ವರ್ಷ ಕೇಳದೆ ಇದ್ದೆ. ಮೊನ್ನೆ ಆ ಹುಡುಗಿಯರು ಹಡಗಲಿಯವರೆಗೂ ಒಪ್ಪಿಸುತ್ತ ಬಂದರಲ್ಲ, ಇಳಿಯುವಾಗ ಕೇಳಿಯೇಬಿಡಬೇಕು ಎನಿಸಿತು.

ಹೋಳಿಗೆ ಊಟ ಆಯಿತು. ಅಣ್ಣ ಅಡ್ಡಾಗಿದ್ದ. ಅತ್ತಿಗೆ ಅಂಗನವಾಡಿಯ ಮಕ್ಕಳ ಹಾಜರಿ ಪುಸ್ತಕಗಳನ್ನು ಒಪ್ಪಿಸಿಕೊಡಲು ಜೋಡಿಸುತ್ತಿದ್ದಳು. ತಲೆ ಬೆಳ್ಳಗಾಗಿದೆ, ಬೆರಳು ಮಾತ್ರ ಹಾಗೇ ಚುರುಕು.

“ಅತ್ತಿಗಿ, ನಿಜ ಹೇಳು. ನೀ ಆವತ್ತು ಪಾಸಾದದ್ದು ಹೆಂಗ?”

ಅವಳು ಪುಸ್ತಕ ಬಿಟ್ಟು ನನ್ನ ಮುಖ ನೋಡಿದಳು. “ಈಗ್ಯಾಕ ಅದು?”

“ಹೇಳು ಸುಮ್ನ.”

“ಬೆಳಿಗ್ಗಿ ತ್ವಾಟಕ್ಕ ಪೂಜಿ ಹೂವಿಗೆ ಒಬ್ರು ನರ್ಸಮ್ಮ ಬರ್ತಿದ್ರು, ನೆನಪೈತೇನು? ಅವ್ರು ಹಳೇ ಪೇಪರ್ ತಂದುಕೊಟ್ರು. ಮೊಗ್ಗು ಬಿಡಿಸ್ಕೋತ ದಿನಾ ಅರ್ಧ ತಾಸು ಪತ್ರ, ಪ್ರಬಂಧ, ಪಾಠದ ಪ್ರಶ್ನಿ ಎಲ್ಲಾ ಹೇಳಿಕೊಡ್ತಿದ್ರು. ಅತ್ತಿಗೂ ಗೊತ್ತಿತ್ತು. ಯಾರಿಗೂ ಹೇಳಬ್ಯಾಡಂತ ಅಕಿನ ಹೇಳಿದ್ಲು.”

“ಅವ್ವಗ ಗೊತ್ತಿತ್ತಾ? ಮತ್ತ ನನಗ ಯಾಕ ಹೇಳಲಿಲ್ಲ?”

“ನೀ ಅಷ್ಟ ಖುಷೀಲೆ ಪಟ್ಟಿ ಬರಕೊಂಡು ಬರ್ತಿದ್ದಿ. ಹೆಂಗ ಹೇಳೂದು?”

ನನ್ನ ಮೂವತ್ತು ವರ್ಷದ ಕಥೆ ಒಂದೇ ಎಳೆತಕ್ಕೆ ಬಿಚ್ಚಿಹೋಯಿತು. ಎರಡು ತಿಂಗಳು ದಿನಾ ಬೆಳಿಗ್ಗೆ ಒಂದು ಇಂಗ್ಲಿಷ್ ಕಲಿತು, ಆಮೇಲೆ ಬಂದು ಕಟ್ಟೆಯ ಮೇಲೆ ನನ್ನ ಇಂಗ್ಲಿಷನ್ನೂ ಒಪ್ಪಿಸಿದ್ದಾಳೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಸುಳ್ಳಲ್ಲ. ಎರಡು ಕೈಯಲ್ಲಿ ನಾಲ್ಕು ಕೈಯ ಕೆಲಸ ಮಾಡಿ, ಅದರ ಶ್ರೇಯವನ್ನು ಮಡಚಿ ನನ್ನ ಜೇಬಿಗಿಟ್ಟು ಸುಮ್ಮನಿದ್ದವಳು ಎದುರಿಗೆ ಕೂತಿದ್ದಳು.

“ಹಂಗಾರ ನನ್ನ ಪದ ಒಂದೂ ಉಪಯೋಗ ಆಗಲಿಲ್ಲನು?”

“ಯಾಕ ಆಗಲಿಲ್ಲ? ಪ್ರಬಂಧ ‘ನನ್ನ ಕುಟುಂಬ’ ಅಂತ ಬಂದಿತ್ತು. ತುಂಬ ನಿನ್ನ ಪದನ ಹಾಕಿದೆ. ಮೈ ಮದರ್ ಇನ್ ಲಾ ಸ್ಪೀಕ್ಸ್ ಲೌಡ್ಲಿ. ಮೈ ಹಸ್ಬೆಂಡ್ ಸ್ಪೀಕ್ಸ್ ರೇರ್ಲಿ.” ಒಳಗಿನಿಂದ ಅಣ್ಣ ಕೆಮ್ಮಿದ. “ನಿನ್ನ ಬಗ್ಗೆನೂ ಎರಡು ಸಾಲು ಬರದಿದ್ದೆ.”

“ಏನಂತ?”

“ಬ್ಯಾಡ ಬಿಡು.”

“ಏ, ಹೇಳ ಅತ್ತಿಗಿ!”

ಅತ್ತಿಗೆ ಎದ್ದು ನಿಂತಳು. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡಳು. “ಮೈ ಬ್ರದರ್ ಇನ್ ಲಾ ಟೀಚಸ್ ಮಿ ಬ್ಯಾಡ್ಲಿ. ಬಟ್ ಹಿ ಟೀಚಸ್ ಮಿ ಗ್ಲ್ಯಾಡ್ಲಿ.”

ಈ ಎರಡು ಪದ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಪ್ರಾಸ ಅವಳೇ ಹುಡುಕಿಕೊಂಡದ್ದು. ಅಣ್ಣ ಒಳಗಿನಿಂದ ಅರ್ಥ ಕೇಳಿದ. “ಕೆಟ್ಟದಾಗಿ ಕಲಿಸ್ತಾನ, ಆದ್ರ ಖುಷಿಯಿಂದ ಕಲಿಸ್ತಾನ” ಎಂದು ನಾನೇ ಹೇಳಿದೆ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಬರುವ ಸೋಮವಾರ ಎಂಟನೇ ತರಗತಿಯ ಮೊದಲ ಪೀರಿಯಡ್ಡು ನನ್ನದೇ. ಈ ಸಲ ಮಕ್ಕಳಿಗೆ ಅತ್ತಿಗೆಯ ಕಥೆಯನ್ನು ಇದ್ದದ್ದು ಇದ್ದ ಹಾಗೆ, ತೋಟದಿಂದ ಶುರು ಮಾಡಿ ಹೇಳಬೇಕು. ಅವಳು ಬರೆದ ಆ ಎರಡು ವಾಕ್ಯಗಳಲ್ಲಿ ಎರಡನೆಯದು ಹಾಗೇ ಇರಲಿ. ಮೊದಲನೆಯದನ್ನು ತಿದ್ದಿಕೊಳ್ಳಲು ನನಗಿನ್ನೂ ಆರು ವರ್ಷ ಸರ್ವೀಸಿದೆ.